ಟೈಮಿಂಗ್ ಚೈನ್: ಕವರ್ ಮುಚ್ಚುವ ಮುಂಚೆ ಕೈಯಿಂದ ಎರಡು ಸುತ್ತು

ರಾತ್ರಿಯೆಲ್ಲ ನಿಂತಿದ್ದ ಪಿಕಪ್ಪನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಎಂಜಿನ್ನಿನ ಮುಂಭಾಗದಲ್ಲಿ ಎರಡು ಮೂರು ಸೆಕೆಂಡ್ ಗರಗರ ಸದ್ದು ಬಂದು ನಿಂತುಹೋಗುತ್ತದಾ? 'ತಾನೇ ಸರಿಹೋಯ್ತಲ್ಲ' ಅಂತ ಬಹಳ ಜನ ಹಾಗೇ ಓಡಿಸುತ್ತಾರೆ. ಏನೂ ಸರಿಹೋಗಿರುವುದಿಲ್ಲ. ಆಯಿಲ್ ಪ್ರೆಶರ್ ಏರಿದ ಮೇಲೆ ಟೆನ್ಷನರ್ (ಚೈನನ್ನು ಬಿಗಿಯಾಗಿಡುವ ಭಾಗ) ಹೊರಗೆ ಬಂದು ಸಡಿಲ ಟೈಮಿಂಗ್ ಚೈನನ್ನು ಒತ್ತಿ ಹಿಡಿದಿರುತ್ತದೆ.

ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ತಿರುಗುವಷ್ಟರಲ್ಲಿ, ವಾಲ್ವ್‌ಗಳನ್ನು ತೆರೆಯುವ ಕ್ಯಾಮ್ ಶಾಫ್ಟ್ ಸರಿಯಾಗಿ ಒಂದು ಸುತ್ತು ತಿರುಗಬೇಕು. ಆ ಲೆಕ್ಕ ಕಾಯುವುದೇ ಈ ಚೈನು. ಇದರ ಕಬ್ಬಿಣ ರಬ್ಬರಿನ ಹಾಗೆ ಎಳೆದುಕೊಳ್ಳುವುದಿಲ್ಲ. ಪ್ರತಿ ಕೊಂಡಿಯ ಪಿನ್ನು ಕೂದಲೆಳೆಯಷ್ಟು ಸವೆಯುತ್ತದೆ, ಎಲ್ಲ ಸೇರಿ ಚೈನು ಉದ್ದವಾಗುತ್ತದೆ. ಕೊನೆಗೊಂದು ದಿನ ಚೈನು ತನ್ನ ಹಲ್ಲಿನ ಚಕ್ರದ (ಸ್ಪ್ರಾಕೆಟ್) ಮೇಲೆ ಹಲ್ಲು ಹಾರುತ್ತದೆ. ಬಹಳಷ್ಟು ಎಂಜಿನ್‌ಗಳಲ್ಲಿ ಆಗ ಪಿಸ್ಟನ್ ಹೋಗಿ ವಾಲ್ವಿಗೆ ಗುದ್ದುತ್ತದೆ. ಚೈನಿನ ಖರ್ಚಿನಲ್ಲಿ ಮುಗಿಯಬೇಕಿದ್ದ ಕೆಲಸ ಹೆಡ್ (ವಾಲ್ವ್‌ಗಳಿರುವ ಎಂಜಿನ್ನಿನ ಮೇಲ್ಭಾಗ) ಇಳಿಸುವ ತನಕ ಹೋಗುತ್ತದೆ.

ಮೊದಲು ಖಾತ್ರಿ ಮಾಡಿಕೊಳ್ಳಿ. ಪಾನಾ ಹಿಡಿಯುವ ಮುಂಚೆ ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಕಡಿಮೆ ಇದ್ದರೂ ಇದೇ ಸದ್ದು ಬರುತ್ತದೆ. ಆಯಿಲ್ ಫಿಲ್ಟರ್ ಕಡೆಯೂ ಗಮನ ಇರಲಿ. ಒಳ್ಳೆಯ ಫಿಲ್ಟರಿನಲ್ಲಿ ಆಯಿಲ್ ವಾಪಸ್ ಇಳಿಯದಂತೆ ತಡೆಯುವ ರಬ್ಬರ್ ವಾಲ್ವ್ ಇರುತ್ತದೆ. ಅಗ್ಗದ ಫಿಲ್ಟರಿನಲ್ಲಿ ಅದು ಹೆಸರಿಗಷ್ಟೇ. ಫಿಲ್ಟರ್ ಬದಲಿಸಿದ್ದಕ್ಕೇ ಸದ್ದು ಹೋದ ಗಾಡಿಗಳನ್ನು ನಾನೇ ನೋಡಿದ್ದೇನೆ. ಆದರೂ ಸದ್ದು ನಿಲ್ಲದಿದ್ದರೆ ಗಾಡಿಯ ಕಂಪ್ಯೂಟರಿನ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿಸಿ. ಪಿ0016ರಿಂದ ಪಿ0019ರ ಒಳಗಿನ ಕೋಡ್ ಬಂದರೆ ಕ್ರ್ಯಾಂಕಿಗೂ ಕ್ಯಾಮಿಗೂ ತಾಳ ತಪ್ಪಿದೆ ಅಂತ ಅರ್ಥ. ಕ್ಯಾಮ್ ಫೇಸರ್ (ಕ್ಯಾಮನ್ನು ಸ್ವಲ್ಪ ಹಿಂದೆ ಮುಂದೆ ಸರಿಸುವ ಭಾಗ) ಅಥವಾ ಸೆನ್ಸರ್ ಕೆಟ್ಟರೂ ಇವೇ ಕೋಡ್ ಬರಬಹುದು, ಹಾಗಾಗಿ ಕೋಡ್ ಒಂದನ್ನೇ ನಂಬಿ ಎಂಜಿನ್ ಬಿಚ್ಚಬೇಡಿ.

ಸದ್ದು ಅಡಗಿಸುತ್ತೇವೆ ಅಂತ ಬಾಟಲಿಯಲ್ಲಿ ಮಾರುವ ಔಷಧಿ ಬೇಡವೇ ಬೇಡ. ಸವೆದ ಪಿನ್ನಿಗೆ ಲೋಹ ತುಂಬುವ ಬಾಟಲಿ ಇನ್ನೂ ಬಂದಿಲ್ಲ.

ಪೂರ್ತಿ ಸೆಟ್ ತನ್ನಿ. ಚೈನು, ಗೈಡ್‌ಗಳು (ಚೈನು ಒರಗಿ ಓಡುವ ಪಟ್ಟಿಗಳು), ಟೆನ್ಷನರ್, ಸ್ಪ್ರಾಕೆಟ್‌ಗಳು, ಮುಂದಿನ ಆಯಿಲ್ ಸೀಲ್, ಎಲ್ಲವೂ ಒಟ್ಟಿಗೆ. ಬರೀ ಚೈನು ಹಾಕಿ ಹಳೇ ಪ್ಲಾಸ್ಟಿಕ್ ಗೈಡ್ ಉಳಿಸಿದವರು ಅದೇ ಕೆಲಸವನ್ನು ಎರಡನೇ ಸಲ ಮಾಡಿದ್ದಾರೆ. ನಿಮ್ಮ ಎಂಜಿನ್ನಿನದೇ ಸರ್ವಿಸ್ ಮ್ಯಾನ್ಯುಯಲ್ ಕೂಡ ಬೇಕು. ಒಂದು ಎಂಜಿನ್ನಿನ ಟೈಮಿಂಗ್ ಗುರುತು ಇನ್ನೊಂದಕ್ಕೆ ಆಗುವುದಿಲ್ಲ.

ಬಿಚ್ಚುವುದು. ಬ್ಯಾಟರಿ, ಕೂಲೆಂಟ್, ಫ್ಯಾನ್, ಬೆಲ್ಟ್, ಪುಲ್ಲಿ, ಟ್ಯಾಪೆಟ್ ಕವರ್, ಮುಂದಿನ ಕವರ್. ಕವರಿನ ಬೋಲ್ಟ್‌ಗಳ ಉದ್ದ ಬೇರೆ ಬೇರೆ ಇರುತ್ತದೆ, ಒಂದು ರಟ್ಟಿನ ಮೇಲೆ ಅವುಗಳ ಜಾಗದಲ್ಲೇ ಚುಚ್ಚಿಡಿ. ಪುಲ್ಲಿ ಬೋಲ್ಟ್ ಬಿಗಿಯಾಗಿದೆ ಅಂತ ರಾಡನ್ನು ಚಾಸಿಗೆ ಆನಿಸಿ ಸೆಲ್ಫ್ ಹೊಡೆಯುವ ಚಾಳಿ ಕೆಲವರಿಗಿದೆ. ರಾಡ್ ಸಿಡಿದು ಮುಖಕ್ಕೆ ಬಂದರೆ ಗತಿಯೇನು? ಪುಲ್ಲಿ ಹಿಡಿಯುವ ಟೂಲ್ ತನ್ನಿ.

ಗುರುತು ಕೂಡಿಸುವುದು. ಜನ ಕೆಡಿಸಿಕೊಳ್ಳುವುದೆಲ್ಲ ಇಲ್ಲೇ, ಅವಸರ ಬೇಡ.

ಹಳೇ ಚೈನು ತೆಗೆಯುವ ಮುಂಚೆಯೇ ಮ್ಯಾನ್ಯುಯಲ್ ಹೇಳಿದ ಜಾಗಕ್ಕೆ ಕ್ರ್ಯಾಂಕನ್ನು ತನ್ನಿ. ಸಾಮಾನ್ಯವಾಗಿ ಅದು ಒಂದನೇ ಸಿಲಿಂಡರಿನ ಪಿಸ್ಟನ್ ಟಾಪಿಗೆ ಬರುವ ಜಾಗ. ಪ್ಲಗ್‌ಗಳನ್ನು ಬಿಚ್ಚಿದ್ದರೆ ಎಂಜಿನ್ ಕೈಯಲ್ಲಿ ಹಗುರವಾಗಿ ತಿರುಗುತ್ತದೆ. ಫೋಟೊ ತೆಗೆದುಕೊಳ್ಳಿ, ಆದರೆ ಅದನ್ನೇ ನೋಡಿ ಜೋಡಿಸಬೇಡಿ. ಹಳೇ ಚೈನು ಆಗಲೇ ಒಂದು ಹಲ್ಲು ಹಾರಿದ್ದರೆ ನೀವು ತಪ್ಪನ್ನೇ ನಕಲು ಮಾಡಿದ ಹಾಗೆ.

ಚೈನು ತೆಗೆದ ಕೂಡಲೇ ವಾಲ್ವ್ ಸ್ಪ್ರಿಂಗಿನ ಒತ್ತಡಕ್ಕೆ ಕ್ಯಾಮ್ ಟಕ್ಕನೆ ತಿರುಗಿಬಿಡಬಹುದು. ಅದಕ್ಕೇ ಲಾಕಿಂಗ್ ಟೂಲ್ ಇರುವುದು. ಸ್ಕ್ರೂಡ್ರೈವರ್ ಸಿಕ್ಕಿಸಿ ನಿಲ್ಲಿಸಿದರೆ ಅದು ಜಾರುತ್ತದೆ.

ಹೊಸ ಚೈನಿನಲ್ಲಿ ಬಣ್ಣದ ಕೊಂಡಿಗಳಿರುತ್ತವೆ. ಅವನ್ನು ಕ್ರ್ಯಾಂಕ್ ಮತ್ತು ಕ್ಯಾಮ್ ಸ್ಪ್ರಾಕೆಟ್ಟಿನ ಗುರುತುಗಳಿಗೆ ಕೂಡಿಸಿ. ಅಲುಗದ ಗಟ್ಟಿ ಗೈಡ್ ಇರುವ ಕಡೆ ಚೈನು ಬಿಗಿಯಾಗಿರಲಿ, ಸಡಿಲವೆಲ್ಲ ಟೆನ್ಷನರ್ ಕಡೆಗೆ ಬರಲಿ. ಹೊಸ ಟೆನ್ಷನರನ್ನು ಅದುಮಿ ಒಂದು ಪಿನ್ ಹಾಕಿರುತ್ತಾರೆ. ಎಲ್ಲ ಗುರುತು ಮತ್ತೊಮ್ಮೆ ನೋಡಿದ ಮೇಲೆ, ಕೊನೆಗೆ ಅದನ್ನು ಎಳೆಯಿರಿ. ಪಿನ್ ಎಳೆಯುವುದನ್ನೇ ಮರೆತು ಕವರ್ ಮುಚ್ಚಿದವರೂ ಇದ್ದಾರೆ!

ಈಗ ಲಾಕಿಂಗ್ ಟೂಲ್ ತೆಗೆದು, ಕ್ರ್ಯಾಂಕ್ ಬೋಲ್ಟಿಗೆ ಪಾನಾ ಹಾಕಿ, ಎಂಜಿನ್ ಓಡುವ ದಿಕ್ಕಿನಲ್ಲೇ ಕೈಯಿಂದ ಪೂರ್ತಿ ಎರಡು ಸುತ್ತು ತಿರುಗಿಸಿ. ಹಿಂದಕ್ಕೆ ತಿರುಗಿಸಬೇಡಿ, ಚೈನು ಸಡಿಲಾಗಿ ಹಲ್ಲು ಹಾರಬಹುದು. ಎಲ್ಲಾದರೂ ಗಟ್ಟಿಯಾಗಿ ಅಡ್ಡ ಸಿಕ್ಕರೆ ನಿಲ್ಲಿಸಿ. ವಾಲ್ವು ಪಿಸ್ಟನ್ನಿಗೆ ತಾಗುತ್ತಿರಬಹುದು. ಅಲ್ಲಿ ಜೋರು ಮಾಡಿದರೆ ಕೆಲಸ ಕೆಟ್ಟಿತು. ಎರಡು ಸುತ್ತು ಮುಗಿದಾಗ ಸ್ಪ್ರಾಕೆಟ್ ಗುರುತುಗಳು ತಮ್ಮ ಜಾಗಕ್ಕೆ ವಾಪಸ್ ಬಂದಿರಬೇಕು. ಬಣ್ಣದ ಕೊಂಡಿಗಳು ಮಾತ್ರ ಬಂದಿರುವುದಿಲ್ಲ, ಅವು ಮತ್ತೆ ಕೂಡಬೇಕಾದರೆ ಇನ್ನೂ ಎಷ್ಟೋ ಸುತ್ತು ಬೇಕು. ಇದು ಗೊತ್ತಿಲ್ಲದೆ ಗಾಬರಿಯಾಗಿ, ಸರಿಯಾಗಿ ಕೂಡಿಸಿದ್ದನ್ನೇ ಬಿಚ್ಚಿಹಾಕುತ್ತಾರೆ.

ಮುಚ್ಚುವುದು. ಹಳೇ ಗ್ಯಾಸ್ಕೆಟ್ ಪೇಸ್ಟನ್ನು ಪ್ಲಾಸ್ಟಿಕ್ ಸ್ಕ್ರೇಪರಿನಿಂದಲೇ ಕೆರೆಯಿರಿ. ಡ್ರಿಲ್ಲಿಗೆ ಉಜ್ಜುವ ಡಿಸ್ಕ್ ಹಾಕಿದರೆ ಬೇಗ ಮುಗಿಯುತ್ತದೆ, ನಿಜ. ಆ ಪುಡಿ ಆಯಿಲ್ ಸೇರಿ ಬೇರಿಂಗ್‌ಗಳನ್ನೂ ಬೇಗ ಮುಗಿಸುತ್ತದೆ. ಹೊಸ ಪೇಸ್ಟ್ ಸಣ್ಣ ಗೆರೆಯಷ್ಟು ಸಾಕು. ಜಾಸ್ತಿಯಾದದ್ದು ಒಳಕ್ಕೆ ಹಿಂಡಿಕೊಂಡು ಆಯಿಲ್ ಪಂಪಿನ ಜಾಲರಿಗೆ ಕಟ್ಟುತ್ತದೆ. ಗೈಡ್ ಮುರಿದಿದ್ದರಂತೂ ಆಯಿಲ್ ಚೇಂಬರ್ ಇಳಿಸಿ ಪ್ಲಾಸ್ಟಿಕ್ ಚೂರುಗಳನ್ನೆಲ್ಲ ಹೆಕ್ಕಲೇಬೇಕು. ಮ್ಯಾನ್ಯುಯಲ್ ಹೇಳಿದ್ದರೆ ಪುಲ್ಲಿಗೆ ಹೊಸ ಬೋಲ್ಟ್ ಹಾಕಿ, ಟಾರ್ಕ್ ಪಾನಾದಲ್ಲೇ ಬಿಗಿಯಿರಿ.

ಮೊದಲ ಸ್ಟಾರ್ಟ್. ಪೇಸ್ಟ್ ಒಣಗುವ ತನಕ ಕಾದು ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿ. ಪೆಟ್ರೋಲ್ ಗಾಡಿಯಾದರೆ ಫ್ಯೂಯೆಲ್ ಪಂಪಿನ ಫ್ಯೂಸ್ ತೆಗೆದು, ಆಯಿಲ್ ಲೈಟ್ ಆರುವ ತನಕ ಬಿಟ್ಟು ಬಿಟ್ಟು ಸೆಲ್ಫ್ ಹೊಡೆಯಿರಿ. ಆಮೇಲೆ ಫ್ಯೂಸ್ ಹಾಕಿ ಸ್ಟಾರ್ಟ್ ಮಾಡಿ. ಟೆನ್ಷನರಿಗೆ ಆಯಿಲ್ ತುಂಬುವಾಗ ಕ್ಷಣಹೊತ್ತು ಸದ್ದು ಬಂದೀತು. ಮಾರನೇ ಬೆಳಿಗ್ಗೆ ತಣ್ಣಗಿನ ಎಂಜಿನ್ ಮತ್ತೆ ಸ್ಟಾರ್ಟ್ ಮಾಡಿ, ಬಾನೆಟ್ ಎತ್ತಿ ಕಿವಿ ಕೊಟ್ಟು ಕೇಳಿ.