ವಿಜ್ಞಾನ ಸಮ್ಮೇಳನದ ಗೋಷ್ಠಿ: ಮೊದಲು ಪ್ರಶ್ನೆ, ಆಮೇಲೆ ಹಾಲ್

ಕೊಡಗಿನಲ್ಲಿ ವಿಜ್ಞಾನ ಸಮ್ಮೇಳನ ನಡೆಸುವುದಾದರೆ ತೋಟದ ಕ್ಯಾಲೆಂಡರ್ ನೋಡಿಯೇ ದಿನ ಹಾಕಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಡಿಮಳೆ. ನವೆಂಬರ್ ಬಂತೆಂದರೆ ಅರೇಬಿಕಾ ಕಾಫಿಯ ಕೊಯ್ಲು, ಅದರ ಬೆನ್ನಿಗೇ ರೊಬಸ್ಟಾ. ಬೆಳೆಗಾರರೂ ಬರಬೇಕೆಂದರೆ ಅಕ್ಟೋಬರ್ ಅನುಕೂಲ. ಆದರೆ ದಸರಾ ಮತ್ತು 17ರ ಆಸುಪಾಸಿನ ಕಾವೇರಿ ಸಂಕ್ರಮಣದ ದಿನಗಳನ್ನು ಬಿಡಿ. ಆಗ ಮಡಿಕೇರಿಯಲ್ಲಿ ರೂಮು ಸಿಗುವುದೇ ಕಷ್ಟ.

ಇನ್ನು ಗೋಷ್ಠಿ. ಕೀಟಶಾಸ್ತ್ರಕ್ಕೊಂದು, ಮಣ್ಣಿಗೊಂದು ಅಂತ ವಿಭಾಗದ ಲೆಕ್ಕದಲ್ಲಿ ಹಂಚಬೇಡಿ. ಹಾಗೆ ಮಾಡಿದರೆ ದಿನಾ ಕಾಲೇಜಿನಲ್ಲಿ ಸಿಗುವವರೇ ಇಲ್ಲೂ ಎದುರುಬದುರು ಕೂರುತ್ತಾರೆ, ಅಲ್ವಾ? ಒಂದು ಪ್ರಶ್ನೆ ಇಡಿ. ಉದಾಹರಣೆಗೆ, ನೆರಳು ಕಡಿಮೆಯಾದ ಅರೇಬಿಕಾ ತೋಟದಲ್ಲಿ ಬಿಳಿ ಕಾಂಡಕೊರಕ ಹುಳುವಿನ ಕಾಟ ಜಾಸ್ತಿ ಏಕೆ? ಇದಕ್ಕೆ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದವರು ಬೇಕು. ಮರಗಳನ್ನು ಬಲ್ಲ ಪೊನ್ನಂಪೇಟೆ ಅರಣ್ಯ ಕಾಲೇಜಿನವರೂ ಬೇಕು. ಕೊರಕ ಹಿಡಿದ ಗಿಡ ಕಿತ್ತು ಸುಟ್ಟ ಬೆಳೆಗಾರರಂತೂ ಬೇಕೇ ಬೇಕು. ಅಂಥ ಒಂದು ಕಾಂಡವನ್ನು ಸೀಳಿ ಮೇಜಿನ ಮೇಲೆ ಇಡಿ. ತೊಗಟೆಯ ಮೇಲಿನ ಉಬ್ಬು, ಒಳಗೆ ಹುಡಿ ಗಿಡಿದು ತುಂಬಿದ ಸುರಂಗ ನೋಡಿದರೆ ಮಾತು ತಾನಾಗಿ ಶುರುವಾಗುತ್ತದೆ.

ಆರು ತಿಂಗಳು ಮೊದಲೇ 250 ಪದಗಳ ಸಾರಾಂಶ ಕೇಳಿ. ಹೆಸರು ಮರೆಮಾಡಿ ಇಬ್ಬರಿಂದ ಓದಿಸಿ. ತಮ್ಮದೇ ವಿದ್ಯಾರ್ಥಿಯ ಬರಹ ಯಾರ ಕೈಗೂ ಹೋಗಬಾರದು.

ಹೆಚ್ಚಿನ ಗೋಷ್ಠಿಗಳು ಸೊರಗುವುದು ವೇಳಾಪಟ್ಟಿಯಿಂದ. 90 ನಿಮಿಷಕ್ಕೆ ಆರು ಭಾಷಣ ತುರುಕಿದರೆ ಚರ್ಚೆಗೆ ಏನು ಉಳಿಯುತ್ತದೆ? ನಾಲ್ಕೇ ಸಾಕು. 12 ನಿಮಿಷ ಮಾತು, 3 ನಿಮಿಷ ಪ್ರಶ್ನೆ, ಹೀಗೆ ಒಂದು ಗಂಟೆ. ಉಳಿದ ಅರ್ಧ ಗಂಟೆ ಪೂರ್ತಿ ಸಭೆಗೆ ಬಿಡಿ. ಎರಡು ಹಾಲ್‌ಗಳಿದ್ದರೆ ಎರಡರಲ್ಲೂ ಭಾಷಣಗಳು ಒಂದೇ ಹೊತ್ತಿಗೆ ಶುರುವಾಗಲಿ, ಜನ ಆಚೀಚೆ ಹೋಗಬಹುದು. ಯಾರಾದರೂ ಬರದಿದ್ದರೆ ಮುಂದಿನವರನ್ನು ಹೊತ್ತಿಗೆ ಮೊದಲೇ ಕರೆಯಬೇಡಿ. ಆ ಹೊತ್ತೂ ಚರ್ಚೆಗೇ ಇರಲಿ.

ಅಧ್ಯಕ್ಷರ ಕೈಗೆ '5 ನಿಮಿಷ', '1 ನಿಮಿಷ' ಎಂಬ ಚೀಟಿ ಕೊಡಿ. ದೊಡ್ಡವರು ಅಂತ ದಾಕ್ಷಿಣ್ಯ ಬೇಡ. ಅವರು ಹೆಚ್ಚು ತಿನ್ನುವ ಸಮಯ ಕೊನೆಗೆ ಮಾತಾಡುವ ಹುಡುಗಿಯದ್ದು. ಸ್ಲೈಡ್‌ಗಳನ್ನು ಹಿಂದಿನ ಸಂಜೆಯೇ ಹಾಲ್‌ನ ಕಂಪ್ಯೂಟರ್‌ನಲ್ಲಿ ತೆರೆದು ನೋಡಿ, ಕನ್ನಡ ಅಕ್ಷರ ಒಡೆದಿದ್ದರೆ ಆಗಲೇ ಗೊತ್ತಾಗುತ್ತದೆ. ಜನರೇಟರ್‌ಗೆ ಡೀಸೆಲ್ ಇರಲಿ.

ಭಾಷಣದ ಬದಲು ಕೆಲಸವನ್ನು ಹಾಳೆಯಲ್ಲಿ ತೋರಿಸುವ ಪೋಸ್ಟರ್‌ಗೆ ಎ0 ಅಳತೆ, ಅಂದರೆ 84.1 × 118.9 ಸೆಂಟಿಮೀಟರ್. ಅದನ್ನು ಊಟದ ಹೊತ್ತಿಗೆ ಸುಮ್ನೆ ಅಂಟಿಸಬೇಡಿ, ಬೇರೆಯೇ ಒಂದು ಗಂಟೆ ಕೊಡಿ.

ಕೊಡಗಿಗೆ ರೈಲಿಲ್ಲ. ಮೈಸೂರು, ಮಂಗಳೂರು, ಕಣ್ಣೂರಿನಿಂದ ರಸ್ತೆಯಲ್ಲೇ ಬರಬೇಕು. ಹಾಗಾಗಿ ಮೊದಲ ದಿನ ಹತ್ತೂವರೆಗೆ ಶುರು ಮಾಡಿ. ಪ್ರತಿ ಗೋಷ್ಠಿಗೂ ಟಿಪ್ಪಣಿ ಬರೆಯಲು ಒಬ್ಬರನ್ನು ಕೂರಿಸಿ. ಅದನ್ನು ಕನ್ನಡದಲ್ಲಿ ಒಂದು ಪುಟಕ್ಕೆ ಇಳಿಸಿ ಆ ವಾರವೇ ಬೆಳೆಗಾರರಿಗೆ ಕಳಿಸಿ.