ಶಿಬಿರ ಮಾಡ್ತೀರಾ? ಮೊದಲು ನೀರಿನ ಟ್ಯಾಂಕ್ ಇಣುಕಿ ನೋಡಿ

ಬೇಸಿಗೆ ರಜೆ ಹತ್ತಿರ ಬಂತೆಂದರೆ ಹಾಸನ, ಚಿಕ್ಕಮಗಳೂರು ಕಡೆಯ ಚರ್ಚುಗಳಲ್ಲಿ ಭಾನುವಾರದ ಪೂಜೆ ಮುಗಿದ ಮೇಲೂ ಯುವಜನ ಸಂಘದ ಒಂದು ಗುಂಪು ಬಾಗಿಲ ಬಳಿಯೇ ನಿಂತಿರುತ್ತದೆ. 'ಈ ಸಲ ಮಕ್ಕಳಿಗೆ ಕ್ಯಾಂಪ್ ಮಾಡೋಣ' ಅಂತ ಯಾರೋ ಶುರು ಮಾಡುತ್ತಾರೆ. ಹತ್ತು ನಿಮಿಷದಲ್ಲಿ ಟೀಶರ್ಟಿನ ಬಣ್ಣ ತೀರ್ಮಾನವಾಗುತ್ತದೆ. ಬ್ಯಾನರಿನಲ್ಲಿ ಯಾರ ಫೋಟೊ ಇರಬೇಕು ಎಂಬುದೂ ಆಗುತ್ತದೆ. ಮಕ್ಕಳು ಎಲ್ಲಿ ಸ್ನಾನ ಮಾಡುತ್ತಾರೆ ಅಂತ ಮಾತ್ರ ಯಾರೂ ಕೇಳಿರುವುದಿಲ್ಲ.

ನಾನೂ ಆ ಗುಂಪಿನಲ್ಲಿ ಹನ್ನೆರಡು ವರ್ಷ ನಿಂತವನು. ಸಕಲೇಶಪುರದ ಕಡೆ ನಾವು ಮಾಡಿದ ಮೊದಲ ಶಿಬಿರಕ್ಕೆ 54 ಮಕ್ಕಳು ಬಂದಿದ್ದರು. ಮೊದಲ ದಿನ ಸಂಜೆಯೇ ಗುಡುಗು ಮಳೆ. ಕರೆಂಟ್ ಹೋಯಿತು, ಮೋಟರ್ ನಿಂತಿತು, ರಾತ್ರಿ ಎಂಟಕ್ಕೆ ಟ್ಯಾಂಕ್ ಖಾಲಿ. ಬೆಳಗಿನ ಜಾವ ನಾವು ಆರು ಜನ ಕೊಡ ಹಿಡಿದು ಬಾವಿಗೂ ಪಾಯಿಖಾನೆಗೂ ಓಡಾಡಿದೆವು. ಹಿಂದೆ ಗೋಡೆಯ ಮೇಲೆ ದೊಡ್ಡ ಬ್ಯಾನರ್. ಶಿಬಿರದ ವಿಷಯ ಅದರಲ್ಲಿ ಬರೆದಿತ್ತು: 'ಜೀವಜಲ'.

ಆವತ್ತಿನಿಂದ ನಮ್ಮ ಕ್ರಮ ತಿರುಗಿತು. ಈಗ ಬ್ಯಾನರ್ ಕೊನೆಗೆ.

ದಿನ ಗೊತ್ತು ಮಾಡಿ

ಕ್ಯಾಲೆಂಡರ್ ಹಿಡಿದು ಕುಳಿತರೆ ಖಾಲಿ ದಿನ ಎಷ್ಟು ಕಡಿಮೆ ಅಂತ ಗೊತ್ತಾಗುತ್ತದೆ. ಈಸ್ಟರ್ ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಯಾವ ಭಾನುವಾರವಾದರೂ ಬರಬಹುದು. ಅದಕ್ಕೆ ಮೊದಲಿನ ಪವಿತ್ರ ವಾರದಲ್ಲಿ ಯಾರಿಗೂ ಬಿಡುವಿರುವುದಿಲ್ಲ. ಈಸ್ಟರಿಗೆ ಮೊದಲಿನ ನಲವತ್ತು ದಿನದ ತಪಸ್ಸು ಕಾಲದಲ್ಲಿ ಸಾಮಾನ್ಯವಾಗಿ ಮದುವೆ ಇಟ್ಟುಕೊಳ್ಳುವುದಿಲ್ಲ. ಹಾಗಾಗಿ ಈಸ್ಟರ್ ಮುಗಿದದ್ದೇ ತಡ, ಕಾದಿದ್ದ ಮದುವೆಗಳೆಲ್ಲ ಸಾಲಾಗಿ ಬರುತ್ತವೆ. ನಿಮ್ಮ ಕೀಬೋರ್ಡ್ ನುಡಿಸುವ ಹುಡುಗ ಆಮೇಲೆ ಕೈಗೆ ಸಿಗುವುದಿಲ್ಲ. ಪಿಯುಸಿ ಮುಗಿಸಿದವರಿಗೆ ಸಿಇಟಿ, ನೀಟ್. ನೀಟ್ ಸಾಮಾನ್ಯವಾಗಿ ಮೇ ಮೊದಲ ಭಾನುವಾರ ಇರುತ್ತದೆ. ಮೇ ಕೊನೆಗೆ ಹೋದರೆ ಶಾಲೆಯೂ ಹತ್ತಿರ, ಮಳೆಯೂ ಹತ್ತಿರ. ಅದೇ ಹೊತ್ತಿಗೆ ಫಾದರ್‌ಗಳ ವರ್ಗಾವಣೆಯೂ ಬರಬಹುದು. ಒಪ್ಪಿಗೆ ಕೊಟ್ಟ ಫಾದರ್ ಒಬ್ಬರು, ಶಿಬಿರದ ದಿನ ಇರುವವರು ಇನ್ನೊಬ್ಬರು ಆಗಿಬಿಟ್ಟರೆ ಕಷ್ಟ ಅಲ್ವಾ?

ನಮಗೆ ಒಗ್ಗಿದ್ದು ಮೇ ಎರಡನೇ ವಾರ, ಮೂರು ದಿನ.

ಒಪ್ಪಿಗೆಯನ್ನು ಬರಹದಲ್ಲೇ ತೆಗೆದುಕೊಳ್ಳಿ. ಕ್ಯಾಥೊಲಿಕ್ ಚರ್ಚಾದರೆ ಧರ್ಮಕೇಂದ್ರದ ಗುರುಗಳು ಮತ್ತು ಚರ್ಚಿನ ಸದಸ್ಯರ ಪಾಲನಾ ಪರಿಷತ್ತು, ಪ್ರೊಟೆಸ್ಟೆಂಟರ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಆದರೆ ಸಭಾಪಾಲಕರು ಮತ್ತು ಸಭೆಯ ಕಮಿಟಿ. 1963ರಲ್ಲಿ ಆದ ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ, ಅಂದರೆ ಅಲ್ಲಿನ ಬಿಷಪ್ಪರ ಆಡಳಿತಕ್ಕೆ, ಹಾಸನ ಜಿಲ್ಲೆಯ ಕ್ಯಾಥೊಲಿಕ್ ಚರ್ಚುಗಳೂ ಸೇರುತ್ತವೆ. ಅಲ್ಲಿನ ಯುವಜನ ವಿಭಾಗಕ್ಕೂ ಒಂದು ಮಾತು ಮುಟ್ಟಿಸಿ. ಇಲ್ಲದಿದ್ದರೆ ಅದೇ ದಿನ ಅವರದೊಂದು ಕಾರ್ಯಕ್ರಮ ಬಂದು, ನಿಮ್ಮ ಅರ್ಧ ಹುಡುಗರು ಅಲ್ಲಿಗೆ ಹೋಗಿರುತ್ತಾರೆ.

ಮೊದಲ ಸಲ ಮಾಡುವವರಾದರೆ ರಾತ್ರಿ ಉಳಿಯುವ ಶಿಬಿರಕ್ಕೆ ಕೈ ಹಾಕಬೇಡಿ. ಬೆಳಿಗ್ಗೆ ಹಾಡು, ಕಥೆ, ಚಿತ್ರ, ಆಟ ನಡೆಸಿ ಮಧ್ಯಾಹ್ನ ಮನೆಗೆ ಕಳಿಸುವ ವಿಬಿಎಸ್ (ವೆಕೇಶನ್ ಬೈಬಲ್ ಸ್ಕೂಲ್) ಮಾದರಿ ಸಾಕು. ಅಲ್ಲಿ ಕಲಿತದ್ದು ಮುಂದಿನ ವರ್ಷಕ್ಕೆ ಬರುತ್ತದೆ.

ಜಾಗ ನೋಡಲು ಎರಡು ಸಲ ಹೋಗಿ

ಒಂದು ಸಲ ಹಗಲಿನಲ್ಲಿ, ಇನ್ನೊಂದು ಸಲ ಕತ್ತಲಾದ ಮೇಲೆ. ಹಗಲಲ್ಲಿ ಕಣ್ಣಿಗೆ ಬೀಳುವುದು ಬೆಟ್ಟದ ಸಾಲು. ರಾತ್ರಿ ಹೋದರೆ ಪಾಯಿಖಾನೆಯ ದಾರಿಯಲ್ಲಿ ಲೈಟ್ ಇಲ್ಲ ಎಂಬುದು ಕಾಣುತ್ತದೆ.

ಟ್ಯಾಂಕಿನ ಮುಚ್ಚಳ ತೆಗೆದು ಇಣುಕಿ. ಎಷ್ಟು ಲೀಟರಿನದು, ಕೊನೆಯ ಸಲ ತೊಳೆದದ್ದು ಯಾವಾಗ, ಕರೆಂಟ್ ಹೋದರೆ ಜನರೇಟರ್ ಇದೆಯೇ ಅಂತ ಕೇಳಿ. ನಮ್ಮ ಲೆಕ್ಕ ಹೀಗೆ: ಕುಡಿಯಲು ಒಬ್ಬರಿಗೆ ದಿನಕ್ಕೆ 3 ಲೀಟರ್, ಅದೂ ಕುದಿಸಿ ಆರಿಸಿದ್ದು. ಸ್ನಾನ, ಪಾಯಿಖಾನೆ, ಪಾತ್ರೆ ಎಲ್ಲ ಸೇರಿ ಒಬ್ಬರಿಗೆ ಕಡಿಮೆಯೆಂದರೂ 40 ಲೀಟರ್. 60 ಜನರೆಂದರೆ ದಿನಕ್ಕೆ 2,400 ಲೀಟರ್ ಆಯಿತು. ಸಾವಿರ ಲೀಟರಿನ ಒಂದೇ ಟ್ಯಾಂಕ್ ತೋರಿಸಿ 'ಏನೂ ತೊಂದರೆ ಇಲ್ಲ ಸರ್' ಅನ್ನುವವರ ಮಾತು ನಂಬಬೇಡಿ. ಹುಡುಗ ಹುಡುಗಿಯರಿಗೆ ಬೇರೆ ಬೇರೆ ಪಾಯಿಖಾನೆ, ಒಳಗಿನಿಂದ ಸರಿಯಾಗಿ ಬೀಳುವ ಚಿಲಕ. ಚಿಲಕವನ್ನು ಹಾಕಿ ತೆಗೆದು ನೋಡಿ, ಸುಮ್ನೆ ನೋಡಿ ಬರಬೇಡಿ.

ಮಲೆನಾಡಿನ ಕಡೆಯಾದರೆ ಇನ್ನೂ ಮೂರು ವಿಷಯ ವಿಚಾರಿಸಿ.

ಆನೆ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಎಸ್ಟೇಟುಗಳ ಒಳಗೇ ಆನೆ ಓಡಾಡುತ್ತವೆ. ಹಿಂದಿನ ವಾರ ಎಲ್ಲಿದ್ದವು ಅಂತ ಎಸ್ಟೇಟಿನ ಲೆಕ್ಕ, ಕೆಲಸ ನೋಡಿಕೊಳ್ಳುವ ರೈಟರನ್ನೂ ಅರಣ್ಯ ಇಲಾಖೆಯವರನ್ನೂ ಕೇಳಿ. ಮುಂಜಾನೆಯ ವಾಕಿಂಗ್ ಕಾರ್ಯಕ್ರಮದ ಪಟ್ಟಿಯಲ್ಲಿ ಚೆಂದ, ಕಾಫಿ ತೋಟದ ದಾರಿಯಲ್ಲಿ ಅಲ್ಲ.

ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ಈ ಜ್ವರ ಉಣ್ಣೆ ಹುಳುವಿನ (ಉಣುಗು) ಕಡಿತದಿಂದ ಹರಡುತ್ತದೆ. ಡಿಸೆಂಬರಿನಿಂದ ಮೇವರೆಗೆ ಇದರ ಕಾಲ, ಅಂದರೆ ನಮ್ಮ ಶಿಬಿರದ ಕಾಲವೂ ಅದೇ. ಕೊಪ್ಪ, ಎನ್.ಆರ್. ಪುರ, ಶೃಂಗೇರಿ ಕಡೆ ಹೋಗುವವರು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮೊದಲೇ ಫೋನ್ ಮಾಡಿ. ಹತ್ತಿರ ಮಂಗ ಸತ್ತ ಸುದ್ದಿ ಇದ್ದರೆ ಜಾಗವನ್ನೇ ಬದಲಿಸಿ. ಸುದ್ದಿ ಇಲ್ಲದಿದ್ದರೂ ತುಂಬುತೋಳಿನ ಬಟ್ಟೆ ಇರಲಿ, ತರಗೆಲೆಯ ಮೇಲೆ ಕೂರಿಸಬೇಡಿ. ತೋಟ ಸುತ್ತಿ ಬಂದ ಮೇಲೆ ಬಿಸಿನೀರು, ಸೋಪು ಹಾಕಿ ಸ್ನಾನ ಮಾಡಿಸಿ.

ಸಿಡಿಲು. ಏಪ್ರಿಲ್, ಮೇ ತಿಂಗಳ ಮಳೆ ಮಧ್ಯಾಹ್ನದ ಮೇಲೆ ಗುಡುಗು ಹೊತ್ತು ಬರುತ್ತದೆ. ಮೊದಲ ಗುಡುಗು ಕೇಳಿದ ಕೂಡಲೇ ಆಟ ನಿಲ್ಲಿಸಿ ಎಲ್ಲರನ್ನೂ ಕಟ್ಟಡದ ಒಳಗೆ ಕರೆದುಕೊಳ್ಳಿ. ಸಿಲ್ವರ್ ಓಕ್ ಮರದ ಬುಡದಲ್ಲಿ ನಿಲ್ಲಿಸುವುದಂತೂ ಬೇಡವೇ ಬೇಡ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ. 'ಒಂದೇ ಒಂದು ಓವರ್ ಅಣ್ಣಾ' ಅಂತ ಹುಡುಗರು ಅಂಗಲಾಚುತ್ತಾರೆ. ಕೇಳಬೇಡಿ.

ಅಮ್ಮಂದಿರ ಪ್ರಶ್ನೆಗೆ ಉತ್ತರ ಇಟ್ಟುಕೊಳ್ಳಿ

ಪೋಷಕರ ಸಭೆ ಕರೆದರೆ ಅಪ್ಪಂದಿರು ಎಷ್ಟು ದುಡ್ಡು ಅಂತ ಕೇಳುತ್ತಾರೆ. ಅಮ್ಮಂದಿರು ರಾತ್ರಿ ಹುಡುಗಿಯರ ಜೊತೆ ಯಾರು ಮಲಗುತ್ತಾರೆ ಅಂತ ಕೇಳುತ್ತಾರೆ. ಎರಡನೆಯದೇ ಸರಿಯಾದ ಪ್ರಶ್ನೆ.

ನಾವು ಪಾಲಿಸುವುದು ಇಷ್ಟು. ಹತ್ತು ಮಕ್ಕಳಿಗೆ ಒಬ್ಬ ದೊಡ್ಡವರು. ಹುಡುಗಿಯರ ಕೋಣೆಯ ಜವಾಬ್ದಾರಿ ಇಬ್ಬರು ಹೆಂಗಸರದು, ಒಬ್ಬರು ಕಾನ್ವೆಂಟಿನ ಸಿಸ್ಟರ್, ಇನ್ನೊಬ್ಬರು ಯಾವುದಾದರೂ ಮಗುವಿನ ತಾಯಿ. ಯಾವ ದೊಡ್ಡವರೂ, ಫಾದರ್ ಆಗಲಿ ಯುವಜನ ಸಂಘದ ಅಧ್ಯಕ್ಷ ಆಗಲಿ, ಮುಚ್ಚಿದ ಬಾಗಿಲ ಹಿಂದೆ ಒಂದೇ ಮಗುವಿನ ಜೊತೆ ಇರುವಂತಿಲ್ಲ. ಇದನ್ನು ಹೇಳುವಾಗ ಕೆಲವರಿಗೆ ಮುಜುಗರವಾಗುತ್ತದೆ. ಆದರೂ ಎಲ್ಲರ ಮುಂದೆಯೇ ಹೇಳಿ.

ಏನಾದರೂ ತಪ್ಪು ನಡೆದಿದೆ ಅಂತ ಮಗು ಹೇಳಿಕೊಂಡರೆ ಅದನ್ನು ನಾವು ನಾವೇ ಕೂತು ಮುಗಿಸುವ ವಿಷಯ ಅಂದುಕೊಳ್ಳಬೇಡಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಶಿಕ್ಷೆ ಇದೆ. ಮಕ್ಕಳ ಸಹಾಯವಾಣಿ 1098. ಈ ನಂಬರನ್ನೂ ಆಂಬುಲೆನ್ಸಿನ 108ನ್ನೂ ಊಟದ ಕೋಣೆಯ ಗೋಡೆಗೆ ದೊಡ್ಡದಾಗಿ ಬರೆದು ಅಂಟಿಸಿ.

ಒಪ್ಪಿಗೆ ಪತ್ರದಲ್ಲಿ ಮಗುವಿನ ವಯಸ್ಸು, ಇಬ್ಬರ ಫೋನ್ ನಂಬರ್, ಆಗದ ಊಟ, ತೆಗೆದುಕೊಳ್ಳುವ ಮಾತ್ರೆ ಬರೆಸಿಕೊಳ್ಳಿ. ಉಬ್ಬಸ ಇರುವ ಮಗು ಇನ್‌ಹೇಲರ್ ತಂದಿದೆಯೇ ಅಂತ ಬಸ್ ಹತ್ತುವ ಮೊದಲು ನೋಡಿ. ಫೋಟೊ ಹಾಕಲು ಬೇರೆಯದೇ ಒಪ್ಪಿಗೆ ಬೇಕು. ಎಲ್ಲರ ಮಕ್ಕಳೂ ಎಲ್ಲರ ಸ್ಟೇಟಸ್ಸಿನಲ್ಲಿ ಕುಣಿಯಬೇಕಾಗಿಲ್ಲ.

ಮಕ್ಕಳನ್ನು ಪಿಕಪ್ಪಿನ ಹಿಂದೆ ನಿಲ್ಲಿಸಿ ಕರೆದೊಯ್ಯಬೇಡಿ. ಬಸ್ಸೇ ಮಾಡಿ.

ಒಲೆಯ ಲೆಕ್ಕ

60 ಜನಕ್ಕೆ ಒಂದು ಹೊತ್ತಿಗೆ ಅಕ್ಕಿ 7 ಕಿಲೊ, ಸಾಂಬಾರಿಗೆ ತೊಗರಿಬೇಳೆ 2 ಕಿಲೊ, ತರಕಾರಿ 5 ಕಿಲೊ. ಬೆಳಿಗ್ಗೆ ಉಪ್ಪಿಟ್ಟಾದರೆ ರವೆ 4 ಕಿಲೊ ಸಾಕು, ಏಕೆಂದರೆ ಉಪ್ಪಿಟ್ಟಿಗೆ ಮಕ್ಕಳು ಎರಡನೇ ಸಲ ಬರುವುದಿಲ್ಲ. ಚಿತ್ರಾನ್ನಕ್ಕೆ ಬರುತ್ತಾರೆ. ಟೀಗೆ ಹಾಲು ಒಂದು ಹೊತ್ತಿಗೆ 4 ಲೀಟರ್. ಹೋಟೆಲಿನವರು ಬಳಸುವ 19 ಕಿಲೊ ಸಿಲಿಂಡರ್ ಎರಡು ತನ್ನಿ, ಎರಡನೆಯದು ಹಾಗೇ ವಾಪಸ್ ಬಂದರೂ ಬೇಜಾರಿಲ್ಲ.

ಅಡುಗೆಯವರಿಗೆ ದುಡ್ಡು ಕೊಟ್ಟೇ ಕರೆಯಿರಿ. 'ನಮ್ಮ ಸಂಘದ ಹುಡುಗಿಯರು ಅಡುಗೆ ನೋಡಿಕೊಳ್ಳುತ್ತಾರೆ' ಎಂಬ ಏರ್ಪಾಡು ನಮ್ಮಲ್ಲೂ ಎರಡು ವರ್ಷ ಇತ್ತು. ಆ ಎರಡು ವರ್ಷವೂ ಅವರು ಒಂದು ಆಟ ಆಡಲಿಲ್ಲ, ಒಂದು ಮಾತುಕತೆಯಲ್ಲಿ ಕೂರಲಿಲ್ಲ. ಮೂರನೇ ವರ್ಷ ಅವರೇ ಎದ್ದು ನಿಂತು ಕೇಳಿದರು. ಆಗ ನಮಗೆ ನಾಚಿಕೆಯಾಯಿತು. ತಟ್ಟೆ ತೊಳೆಯುವುದು ಎಲ್ಲರಿಗೂ, ಗುಂಪಿನ ಪ್ರಕಾರ ಸರದಿ.

ದಿನಚರಿಯನ್ನು ತುಂಬಿಸಬೇಡಿ

ಒಂದು ಭಾಷಣಕ್ಕೆ 25 ನಿಮಿಷ ಸಾಕು. ಮಧ್ಯಾಹ್ನ ಊಟವಾದ ಮೇಲೆ ಒಂದೂವರೆ ಗಂಟೆ ಖಾಲಿ ಬಿಡಿ. ಬೆಳಿಗ್ಗೆ ಬೈಬಲ್ ಓದು, ಹಾಡು, ಗುಂಪು ಮಾತುಕತೆ. ಸಂಜೆ ಲಗೋರಿ, ಖೋಖೊ, ಹಗ್ಗಜಗ್ಗಾಟ. ಮಳೆ ಬಂದರೆ ಒಳಗೆ ಆಡಲು ಅಂತ್ಯಾಕ್ಷರಿ, ಕಿರುನಾಟಕ ತಯಾರಿರಲಿ. ಮನೆಯಲ್ಲಿ ಕೊಂಕಣಿ ಆಡುವವರು, ತಮಿಳು ಆಡುವವರು ನಮ್ಮ ಚರ್ಚುಗಳಲ್ಲಿ ಇದ್ದಾರೆ. ಹಾಡು ಎಲ್ಲ ಭಾಷೆಯದೂ ಬರಲಿ, ಸೂಚನೆ ಮಾತ್ರ ಕನ್ನಡದಲ್ಲೇ ಇರಲಿ.

ಕ್ಯಾಂಪ್‌ಫೈರ್ ವಿಷಯದಲ್ಲಿ ನಾನು ಹಟಮಾರಿ. ಬೇಸಿಗೆಯಲ್ಲಿ ಒಣ ತರಗು ತುಂಬಿದ ತೋಟದ ಪಕ್ಕ ಬೆಂಕಿ ಬೇಡ. ನಡುವೆ ನಾಲ್ಕು ಲಾಟೀನು ಇಟ್ಟು ಸುತ್ತ ಕೂರಿಸಿ. ಹಾಡು ಅಷ್ಟೇ ಚೆನ್ನಾಗಿ ಬರುತ್ತದೆ.

ಸೇವೆಗೆ ಹೋಗುವ ಮೊದಲು ಕೇಳಿ

ದೊಡ್ಡ ಹುಡುಗರು ಮೂರು ದಿನ ಯಾವುದಾದರೂ ಹಳ್ಳಿಗೆ ಹೋಗಿ ಕೆಲಸ ಮಾಡುವುದನ್ನು ಕೆಲವು ಕಡೆ ಮಿಷನ್ ಟ್ರಿಪ್ ಅನ್ನುತ್ತಾರೆ. ನಾವು ಒಮ್ಮೆ ಮೂಡಿಗೆರೆ ಕಡೆಯ ಒಂದು ಶಾಲೆಗೆ ಬಣ್ಣ ಬಳಿಯಲು ಹೋದೆವು. 20 ಲೀಟರ್ ಬಣ್ಣ, ಎಂಟು ಬ್ರಷ್, ಹದಿನಾಲ್ಕು ಜನ. ಗೋಡೆ ನೋಡಿದರೆ ಹೊಸದಾಗಿ ಹೊಳೆಯುತ್ತಿತ್ತು. ಹಿಂದಿನ ವರ್ಷ ಬೇರೆ ಯಾರೋ ಬಳಿದು ಹೋಗಿದ್ದರು. ಮೇಷ್ಟ್ರು ಪಾಪ, ಬಂದವರಿಗೆ ಬೇಡ ಅನ್ನಲಾರದೆ ನಕ್ಕರು. ಮಧ್ಯಾಹ್ನ ಟೀ ಕುಡಿಯುವಾಗ ಮೆಲ್ಲಗೆ ಹೇಳಿದರು: 'ಹುಡುಗಿಯರ ಶೌಚಾಲಯಕ್ಕೆ ನೀರು ಬರ್ತಿಲ್ಲ. ಪೈಪ್ ಒಡೆದು ಆರು ತಿಂಗಳಾಯ್ತು.' ಪೈಪು, ಒಬ್ಬ ಪ್ಲಂಬರ್, ಅರ್ಧ ದಿನ. ಅಷ್ಟೇ ಬೇಕಾಗಿದ್ದದ್ದು.

ಈಗ ನಾವು ಒಂದು ತಿಂಗಳ ಮೊದಲೇ ಇಬ್ಬರನ್ನು ಕಳಿಸುತ್ತೇವೆ, ಬರಿಗೈಯಲ್ಲಿ. 'ನಿಮಗೇನು ಬೇಕು' ಅಂತ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. 'ಈ ವಾರ ಯಾವ ಕೆಲಸ ನಿಂತಿದೆ' ಅಂತ ಕೇಳಿ, ಉತ್ತರ ಬರುತ್ತದೆ.

ಎಸ್ಟೇಟಿನ ಕೆಲಸಗಾರರು ಇರುವ ಲೈನ್ ಮನೆಗಳಲ್ಲಿ ಹೆಚ್ಚು ನಿಂತಿರುವುದು ಕಾಗದದ ಕೆಲಸ. ಅಸಂಘಟಿತ ಕೆಲಸಗಾರರಿಗಾಗಿ ಕೇಂದ್ರ ಸರ್ಕಾರ 2021ರಲ್ಲಿ ಶುರು ಮಾಡಿದ ಇ-ಶ್ರಮ್ ನೋಂದಣಿಯನ್ನೇ ತೆಗೆದುಕೊಳ್ಳಿ. ಪಿಎಫ್ ಇರುವ ಕಾಯಂ ಕೆಲಸಗಾರರಿಗೆ ಅದು ಸಲ್ಲುವುದಿಲ್ಲ, ಕೊಯ್ಲಿಗೆ ಬಂದು ಹೋಗುವ ದಿನಗೂಲಿಯವರಿಗೆ ಸಲ್ಲುತ್ತದೆ. ಫೋನಿನಲ್ಲಿ ಬೆರಳು ಓಡುವ ನಮ್ಮ ಹುಡುಗರಿಗೆ ಇದು ನೀರು ಕುಡಿದಷ್ಟು ಸುಲಭ. ಆದರೆ ಯಾರ ಆಧಾರ್ ಕಾರ್ಡನ್ನೂ ನಿಮ್ಮ ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಬೇಡಿ, ಓಟಿಪಿಯನ್ನು ಅವರೇ ಒತ್ತಲಿ. ಹೋಗುವ ಮೊದಲು ಎಸ್ಟೇಟಿನವರ ಒಪ್ಪಿಗೆ ಬೇಕು. ರೈಟರ್ ಬೇಡ ಅಂದರೆ ಬೇಡ.

ಇನ್ನೊಂದು ಮಾತು, ನೇರವಾಗಿಯೇ ಹೇಳುತ್ತೇನೆ. ಸೇವೆಗೆ ಹೋದ ಕಡೆ ಕರಪತ್ರ, ಪ್ರಾರ್ಥನೆ ಕೂಟ ಬೇಡ. ಬೆಳಗಿನ ಪ್ರಾರ್ಥನೆಯನ್ನು ನಾವು ಉಳಿದುಕೊಂಡ ಕೋಣೆಯಲ್ಲೇ ಮುಗಿಸಿ ಹೊರಡುತ್ತೇವೆ. ಪೈಪ್ ಹಾಕಿಸಿಕೊಂಡವರಿಗೆ ನಮ್ಮ ಹಾಡು ಕೇಳುವ ಋಣ ಇರಬಾರದು. ಬೇರೆ ಧರ್ಮದ ಗೆಳೆಯರೂ ಈಗ ನಮ್ಮ ಜೊತೆ ಬರುತ್ತಿರುವುದು ಇದರಿಂದಲೇ.

ದೂರ ಹೋಗಲು ಆಗದವರಿಗೆ ಶೆಟ್ಟಿಹಳ್ಳಿ ಇದೆ. ಹಾಸನದಿಂದ ಸುಮಾರು 20 ಕಿಲೋಮೀಟರ್. ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿಸಿದ ಆ ಚರ್ಚು, ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಆದ ಮೇಲೆ ಹಿನ್ನೀರಿನ ಪಾಲಾಯಿತು. ಮಳೆಗಾಲದಲ್ಲಿ ನೀರಿನ ನಡುವೆ ನಿಲ್ಲುತ್ತದೆ, ಬೇಸಿಗೆಯಲ್ಲಿ ನೀರು ಇಳಿದಾಗ ನಡೆದೇ ಹೋಗಬಹುದು. ನೋಡಲು ಬಂದವರು ಬಿಟ್ಟುಹೋದ ಬಾಟಲಿ, ಚಿಪ್ಸ್ ಕವರ್ ಎರಡು ಗಂಟೆ ಹೆಕ್ಕಿದರೆ ಚೀಲಗಟ್ಟಲೆ ಸಿಗುತ್ತವೆ. ಗಟ್ಟಿ ಕೈಗವಸು ಹಾಕಿಕೊಳ್ಳಿ, ಗಾಜು ಜಾಸ್ತಿ ಇರುತ್ತದೆ. ಗೋಡೆಗಳು ಶಿಥಿಲವಾಗಿವೆ, ಹತ್ತಬೇಡಿ, ಕೆಳಗೆ ಗುಂಪಾಗಿ ನಿಲ್ಲಬೇಡಿ. ನೀರಿಗಂತೂ ಯಾರೂ ಇಳಿಯುವಂತಿಲ್ಲ. ಹೆಕ್ಕಿದ ಕಸವನ್ನು ಎಲ್ಲಿಗೆ ಒಯ್ಯಬೇಕು ಅಂತ ಪಂಚಾಯಿತಿಯವರ ಜೊತೆ ಮೊದಲೇ ಮಾತಾಡಿಕೊಳ್ಳಿ. ಚೀಲಗಳನ್ನು ರಸ್ತೆ ಬದಿ ಇಟ್ಟು ಬಂದರೆ ಮರುದಿನ ನಾಯಿಗಳು ಎಳೆದಾಡುತ್ತವೆ.

ಲೆಕ್ಕ ಗೋಡೆಗೆ ಹಚ್ಚಿ

ಶಿಬಿರ ಮುಗಿದ ಮೊದಲ ಭಾನುವಾರವೇ ಜಮಾ ಖರ್ಚನ್ನು ಚರ್ಚಿನ ನೋಟಿಸ್ ಬೋರ್ಡಿನಲ್ಲಿ ಹಾಕಿ. ನಮ್ಮಲ್ಲಿ ಹೆಚ್ಚೂಕಡಿಮೆ ಅರ್ಧ ಊಟಕ್ಕೆ, ಕಾಲು ಭಾಗ ಬಸ್ಸಿಗೆ ಹೋಗುತ್ತದೆ. ಶುಲ್ಕ ಕೊಡಲಾಗದ ಮಕ್ಕಳ ಹೆಸರು ಮಾತ್ರ ಆ ಹಾಳೆಯಲ್ಲಿ ಬರಬಾರದು. 'ಸಹಾಯ' ಅಂತ ಒಂದೇ ಸಾಲು ಇರಲಿ.

ಹೋದ ಸಲ ನಮ್ಮ ಹಾಳೆಯಲ್ಲಿ ಒಂದು ಸಾಲು ಹೀಗಿತ್ತು: ಟ್ಯಾಂಕ್ ತೊಳೆಸಿದ್ದು, 600 ರೂಪಾಯಿ. ಪಾಲನಾ ಪರಿಷತ್ತಿನ ಹಿರಿಯರೊಬ್ಬರು ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು. 'ಇನ್ನೊಬ್ಬರ ಟ್ಯಾಂಕನ್ನು ನೀವ್ಯಾಕಪ್ಪ ತೊಳೆಸಿದ್ರಿ?' ಅಂದರು. ಒಳಗೆ ಸತ್ತ ಅಳಿಲು ಇತ್ತು ಅಂತ ಹೇಳಿದೆವು. ಅವರು ಮುಂದಿನ ಸಾಲಿಗೆ ಹೋದರು.