ತೋಟದಾಗ ಮದುವೆ: ಮೊದಲು ನೆರಳು ಹುಡುಕಿ, ಆಮೇಲೆ ಹೂವು

ನಮ್ಮ ಅಕ್ಕನ ಮಗಳ ಮದುವೆ ಗಂಗಾವತಿ ಹತ್ತಿರದ ಒಂದು ತೋಟದಲ್ಲಿ ಆಯಿತು. ವೇದಿಕೆ ಹಿಂದೆ ಆಳೆತ್ತರದ ಗುಲಾಬಿ ಗೋಡೆ, ಹೂವೆಲ್ಲ ಬೆಂಗಳೂರಿನದು. ಮುಹೂರ್ತ 11.40ಕ್ಕೆ. ಹನ್ನೊಂದಕ್ಕೇ ಗುಲಾಬಿ ತಲೆ ಬಾಗಿಸಿದ್ದವು, ಮುಂದಿನ ಐದು ಸಾಲು ಕುರ್ಚಿ ಖಾಲಿ. ಮಂದಿಯೆಲ್ಲ ದೂರದ ಹುಣಸೆಮರದ ಕೆಳಗೆ ಸೇರಿಕೊಂಡು, ಅಲ್ಲಿಂದಲೇ ಅಕ್ಕಿಕಾಳು ತೂರಿದರು. "ಅಷ್ಟು ರೊಕ್ಕ ಸುರುವಿದ್ವಿ ತಮ್ಮಾ, ಎಲ್ಲಾರೂ ಗಿಡದ ಬುಡಕ್ಕ ಹೋಗಿ ನಿಂತ್ರಲ್ಲ" ಎಂದು ಅಕ್ಕ ಇವತ್ತಿಗೂ ಆಡುತ್ತಾಳೆ. ವೇದಿಕೆಯನ್ನೇ ಆ ಹುಣಸೆಮರದ ಕೆಳಗೆ ಹಾಕಬೇಕಿತ್ತು ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ.

ತಿಂಗಳು ಮತ್ತು ಹೊತ್ತು

ಕೊಪ್ಪಳ, ರಾಯಚೂರು, ಬಳ್ಳಾರಿ ಸೀಮೆಯಲ್ಲಿ ಬಯಲಿನ ಮದುವೆಗೆ ತುಳಸಿ ಲಗ್ನ ಮುಗಿದ ಮೇಲಿನ ದಿನಗಳು ಚಲೋ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿವರೆಗೆ ಧನುರ್ಮಾಸ, ಲಗ್ನವಿಲ್ಲ. ಅದು ಕಳೆದು ಬರುವ ಮಾಘಮಾಸಕ್ಕೆ ಸಾಟಿಯಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗಲೇ ಮಾಡಬೇಕಾಗಿ ಬಂದರೆ ಗೋಧೂಳಿ ಮುಹೂರ್ತ ಕೇಳಿ. ಆದರೆ ಸಂಜೆಯಾದರೆ ಇನ್ನೊಂದು ತಕರಾರು: ಭರಣಿ, ಕೃತ್ತಿಕಾ ಮಳೆಗಳ ಗಾಳಿ ಏಳುವುದೇ ನಾಲ್ಕು ಗಂಟೆ ಮೇಲೆ. ರೈತನಿಗೆ ಅದು ಹಿಗ್ಗು, ಹಂದರದವನಿಗೆ ಕುತ್ತು.

ಜಾಗ ನೋಡುವಾಗ

ಮದುವೆಗೆ ಒಂದು ವಾರ ಇರುವಾಗ, ಮುಹೂರ್ತದ ಹೊತ್ತಿಗೇ ಸರಿಯಾಗಿ ತೋಟಕ್ಕೆ ಹೋಗಿ. ವೇದಿಕೆಯ ನಾಲ್ಕು ಮೂಲೆಗೆ ನಾಲ್ಕು ಬಿದಿರು ಗಳ ನೆಟ್ಟು, ಮೇಲೆ ಒಂದು ಹಳೆಯ ಕೌದಿ ಕಟ್ಟಿ, ಅರ್ಧ ತಾಸು ಕುಳಿತು ನೋಡಿ. ನೆರಳು ಎತ್ತ ಬೀಳುತ್ತದೆ, ಮಂದಿಯ ಮುಖಕ್ಕೆ ಬಿಸಿಲು ಹೊಡೆಯುತ್ತದೆಯೇ ಎಂಬುದು ಅಷ್ಟರಲ್ಲೇ ತಿಳಿಯುತ್ತದೆ. ಎರಡು ತಿಂಗಳ ಮುಂಚೆ ನೋಡಿದ ನೆರಳನ್ನು ನಂಬಬೇಡಿ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಬೇಸಿಗೆಯಲ್ಲಿ ನೆತ್ತಿಗೆ ಬರುತ್ತಾನೆ.

ಆಮೇಲೆ ಮಣ್ಣು. ಮಸಾರಿ, ಅಂದರೆ ಕೆಂಪು ಮಣ್ಣಿನ ನೆಲವಾದರೆ ಚಿಂತೆಯಿಲ್ಲ. ಎರಿ, ಅಂದರೆ ಕಪ್ಪು ಮಣ್ಣಿನ ನೆಲದಲ್ಲಿ ಒಂದು ಹದ ಮಳೆ ಬಿದ್ದರೆ ಬೀಗರ ಚಪ್ಪಲಿ ಅಲ್ಲೇ ಉಳಿಯುತ್ತದೆ, ಗಳಗಳೂ ಸಡಿಲಾಗುತ್ತವೆ. ಎರಿಯೇ ಗತಿ ಎಂದಾದರೆ ಓಡಾಡುವ ದಾರಿಗಾದರೂ ಮರಳು ಹಾಸಿ, ಅದರ ಮೇಲೆ ಜಮಖಾನೆ. ಹುಲ್ಲುಹಾಸಿದ್ದರೆ ನಾಲ್ಕು ದಿನ ಮುಂಚೆ ಕತ್ತರಿಸಿ, ಎರಡು ದಿನ ಮುಂಚೆ ನೀರು ನಿಲ್ಲಿಸಿ.

ಕೊಪ್ಪಳದ ಮಾವಿನ ತೋಟಗಳು ಜನವರಿ, ಫೆಬ್ರವರಿಯಲ್ಲಿ ಹೂ ಬಿಟ್ಟು ನಿಂತಾಗ ಫೋಟೊದವರು ಕುಣಿದಾಡುತ್ತಾರೆ. ಆದರೆ ಹೂವಿಗೆ ಜಿಗಿಹುಳು ಬಿದ್ದಿದ್ದರೆ ಮೇಲಿನಿಂದ ಅಂಟು ತೊಟ್ಟಿಕ್ಕುತ್ತದೆ. ಕುರ್ಚಿ, ರೇಷ್ಮೆ ಸೀರೆ ಎಲ್ಲ ಜಿಗಿಜಿಗಿ. ಕೊಂಬೆ ಕೆಳಗೆ ಒಂದು ಹಾಳೆ ಹಾಸಿ ರಾತ್ರಿ ಬಿಡಿ, ಬೆಳಿಗ್ಗೆ ಮುಟ್ಟಿ ನೋಡಿ. ಹಾಗೆಯೇ ತಲೆ ಎತ್ತಿ ಹೆಜ್ಜೇನು ಇದೆಯೇ ನೋಡುವುದನ್ನು ಮರೆಯಬೇಡಿ. ಅಡುಗೆ ಒಲೆಯ ಹೊಗೆ ಹೆಜ್ಜೇನಿಗೆ ತಾಗಿದರೆ ಮದುವೆ ಅಲ್ಲಿಗೇ ನಿಲ್ಲುತ್ತದೆ.

ಆನೆಗೊಂದಿ, ಹಂಪಿ ಕಡೆ ಹಳೆಯ ಮಂಟಪವನ್ನೇ ವೇದಿಕೆ ಮಾಡಿಕೊಳ್ಳುವ ಆಸೆ ಹಲವರಿಗೆ. ರಕ್ಷಿತ ಸ್ಮಾರಕದಲ್ಲಿ ಅನುಮತಿ ಇಲ್ಲದೆ ಸಮಾರಂಭ ಮಾಡುವಂತಿಲ್ಲ. ಅದು ದೂರದಲ್ಲಿ ಕಂಡರೆ ಸಾಕು.

ಹಂದರ

ಶಾಮಿಯಾನದ ಒಂದು ತುಂಡು ಸಾಮಾನ್ಯವಾಗಿ 18×36 ಅಡಿ, ಅಂದರೆ 648 ಚದರ ಅಡಿ. ಒಬ್ಬರಿಗೆ ಎಂಟರಿಂದ ಹತ್ತು ಚದರ ಅಡಿ ಹಿಡಿದರೆ ಅದರಡಿ 65ರಿಂದ 80 ಮಂದಿ ಕೂರುತ್ತಾರೆ. 500 ಮಂದಿಗೆ ಹೇಳಿದ್ದರೂ ಒಂದೇ ಹೊತ್ತಿಗೆ ಕೂರುವವರು 300 ಎಂದು ಲೆಕ್ಕ ಹಿಡಿಯಿರಿ, ನಾಲ್ಕೈದು ತುಂಡು ಬೇಕು. ಗಳದ ಕುಣಿ ಎರಡು ಅಡಿ ಆಳ ಇರಲಿ, ಹಗ್ಗದ ಗೂಟ ಗಳದಿಂದ ದೂರ ಇರಲಿ. ದಪ್ಪ ಬಟ್ಟೆಯ ಚಾವಣಿ ಗಾಳಿಗೆ ಹಾಯಿಯ ಹಾಗೆ ಉಬ್ಬುತ್ತದೆ. ನನ್ನ ಮಾತು ಕೇಳಿದರೆ ಹೆಣೆದ ತೆಂಗಿನ ಗರಿ, ಇಲ್ಲವೇ ನರ್ಸರಿಯವರು ಕಟ್ಟುವ ಹಸಿರು ನೆರಳುಬಲೆ ಹಾಕಿಸಿ. ಗಾಳಿ ಸೋಸಿ ಹೋಗುತ್ತದೆ, ಕೆಳಗೆ ತಂಪೂ ಇರುತ್ತದೆ. ಗರಿ ಹಾಕಿದರೆ ಹೋಮದ ಜಾಗವನ್ನು ಮಾತ್ರ ಹೊರಗೆ ಬಿಡಿ, ಪಕ್ಕದಲ್ಲಿ ಮರಳು ತುಂಬಿದ ಎರಡು ಬಕೆಟ್ ಇಡಿ.

ಅಲಂಕಾರ

ನಮ್ಮ ಬಿಸಿಲಿಗೆ ಎದೆ ಕೊಡುವುದು ಚೆಂಡು ಹೂವು, ಆಮೇಲೆ ಸೇವಂತಿಗೆ. ಗುಲಾಬಿಯನ್ನು ಮಾಲೆಗೆ, ತಲೆಗೆ ಇಟ್ಟುಕೊಳ್ಳಿ, ಗೋಡೆಗೆ ಬೇಡ. ಹಡಗಲಿ ಮಲ್ಲಿಗೆ ಹತ್ತಿರದಲ್ಲೇ ಸಿಗುತ್ತದೆ. ಮೊಗ್ಗಿನಲ್ಲೇ ಕಟ್ಟಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಡಿ.

ಚೆಂಡು ಹೂವಿನ ಸರವನ್ನು ಹಿಂದಿನ ರಾತ್ರಿ ಮನೆಯವರೇ ಕೂತು ಪೋಣಿಸಬಹುದು. ತೊಟ್ಟು ಅರ್ಧ ಬೆರಳಷ್ಟು ಉಳಿಸಿ, ಸೂಜಿಯನ್ನು ತೊಟ್ಟಿನ ಬುಡದಿಂದ ಹೂವಿನ ನಡುವಿಗೆ ತೂರಿಸಿ. ಪಕಳೆಗೆ ಚುಚ್ಚಿದರೆ ಬೆಳಗಾಗುವುದರೊಳಗೆ ಉದುರುತ್ತದೆ. ನಾಲ್ಕು ಹೂವಿಗೆ ಒಂದು ಮಾವಿನೆಲೆ. ಪೋಣಿಸಿದ್ದನ್ನು ಗುಡ್ಡೆ ಹಾಕಬೇಡಿ, ಒಳಗೆ ಕಾವು ಹಿಡಿದು ಕಪ್ಪಾಗುತ್ತದೆ. ಹಗ್ಗದ ಮೇಲೆ ತೂಗುಬಿಡಿ.

ಬಾಳೆಕಂಬವನ್ನು ಹಿಂದಿನ ಸಂಜೆಯೇ ಕಡಿದು, ಒದ್ದೆ ಮರಳಿನ ಬಕೆಟ್ಟಿನಲ್ಲಿ ನಿಲ್ಲಿಸಿ. ಗುಲಾಬಿ ಗೋಡೆಯ ಬದಲು ಸಂಡೂರಿನ ಲಂಬಾಣಿ ಕಸೂತಿಯ ಬಟ್ಟೆ ತೂಗಿಸಿದ ಒಂದು ಮದುವೆ ನೋಡಿದ್ದೇನೆ. ಕನ್ನಡಿ ಚೂರುಗಳು ಬಿಸಿಲಿಗೆ ಮಿಣುಕುತ್ತಿದ್ದವು. ಕಿನ್ನಾಳದ ಮರದ ಗೊಂಬೆ ಎರಡನ್ನು ಬಾಗಿಲಲ್ಲಿ ಇಟ್ಟರೆ ಬೀಗರು ಮೊದಲು ಅದನ್ನೇ ವಿಚಾರಿಸುತ್ತಾರೆ. ಥರ್ಮಕೋಲ್ ಅಲಂಕಾರವನ್ನು 2022ರ ಜುಲೈ 1ರಿಂದ ನಿಷೇಧಿಸಲಾಗಿದೆ, ಡೆಕೋರೇಷನ್‌ನವರು ತಂದರೆ ವಾಪಸ್ ಕಳಿಸಿ.

ದೀಪ, ಸದ್ದು, ಊಟ

ಜನರೇಟರ್ ಗೊತ್ತು ಮಾಡುವಾಗ ಎಲ್ಲ ಸಾಮಾನಿನ ವ್ಯಾಟ್ ಕೂಡಿಸಿ. 100 ವ್ಯಾಟಿನ 20 ಎಲ್ಇಡಿ ಎಂದರೆ 2 ಕಿಲೊವ್ಯಾಟ್. ಕೂಲರ್, ಮೈಕ್, ನೀರಿನ ಮೋಟರ್ ಸೇರಿ 9 ಆದರೆ 15 ಕೆವಿಎ ಜನರೇಟರ್ ಸಾಕು, ಅದು 12 ಕಿಲೊವ್ಯಾಟ್ ಹೊರುತ್ತದೆ. ಧ್ವನಿವರ್ಧಕಕ್ಕೆ ಪೊಲೀಸರ ಅನುಮತಿ ಬೇಕು. ಬಯಲಿನಲ್ಲಿ ರಾತ್ರಿ 10ಕ್ಕೆ ಅದು ಬಂದ್.

ಭತ್ತದ ಗದ್ದೆ ಪಕ್ಕದಲ್ಲಿದ್ದರೆ, ಅದರಲ್ಲೂ ಕೊಯ್ಲಿನ ಮುಂಚೆ, ಬಿಳಿ ದೀಪಕ್ಕೆ ಹುಳು ಮುತ್ತುತ್ತವೆ. ಗೋಧಿ ಹುಗ್ಗಿಯಲ್ಲಿ ಒಣದ್ರಾಕ್ಷಿ ಯಾವುದು, ಹುಳು ಯಾವುದು ತಿಳಿಯದೆ ಕೈ ತೊಳೆದವರಲ್ಲಿ ನಾನೂ ಒಬ್ಬ. ಊಟದ ಜಾಗಕ್ಕೆ ಹಳದಿ ದೀಪ ಹಾಕಿ. ನೂರು ಅಡಿ ಆಚೆ ಒಂದು ಪ್ರಖರ ಬಿಳಿ ದೀಪ ಇಟ್ಟರೆ ಹುಳು ಅತ್ತ ಹೋಗುತ್ತವೆ. ಅಕ್ಕಿ ನೂರು ಮಂದಿಗೆ 10ರಿಂದ 12 ಕೆಜಿ. ಹೋಳಿಗೆ, ಸಜ್ಜಿ ರೊಟ್ಟಿ ಇದ್ದರೆ ಅದಕ್ಕೂ ಕಡಿಮೆ ಸಾಕು. ಕೈ ತೊಳೆಯುವ ನೀರಿಗೆ ಬೇರೆ ಟ್ಯಾಂಕರ್ ಹೇಳಿ, ಅದು ಹರಿದು ಹೋಗುವ ದಿಕ್ಕು ಹಂದರಕ್ಕೆ ಇಳಿಜಾರಾಗಿರಬಾರದು.

ಹೂ ಕಟ್ಟುವವರಿಗೆ ಮುಂಚೆಯೇ ಹೇಳಬೇಕಾದ ಮಾತೊಂದಿದೆ: ತಂತಿ, ಪ್ಲಾಸ್ಟಿಕ್ ದಾರ ಬೇಡ, ಹತ್ತಿ ದಾರ ಇಲ್ಲವೇ ಬಾಳೆನಾರು ಇರಲಿ. ಮರುದಿನ ಬಾಳೆಕಂಬ, ಹೂವಿಗೆ ಮೊದಲು ಬಾಯಿ ಹಾಕುವುದು ತೋಟದ ದನಗಳು.